ಮೊಳೆಯ ಟೊಪ್ಪಿಗೆ, ಚಿಲಕದ ಕೊಂಡಿ: ಹಿಡಿದಿಡುವ ವಸ್ತುಗಳ ಆಕಾರಪುರಾಣ

ಯಾವುದೇ ಗಟ್ಟಿ ವಸ್ತುವನ್ನು ಅದರ ಪಾಡಿಗೆ ಬಿಟ್ಟರೆ ಅದಕ್ಕೆ ಆರು ಬಗೆಯ ಚಲನೆ ಸಾಧ್ಯ. ಅದು ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ, ಮೇಲೆ-ಕೆಳಗೆ ಸರಿಯಬಲ್ಲದು; ಈ ಮೂರು ದಿಕ್ಕುಗಳನ್ನೇ ಅಚ್ಚಾಗಿಸಿಕೊಂಡು ಮೂರು ಬಗೆಯಲ್ಲಿ ತಿರುಗಬಲ್ಲದು. ಯಂತ್ರಶಾಸ್ತ್ರದಲ್ಲಿ ಇವನ್ನು ವಸ್ತುವಿನ ಆರು ಸ್ವಾತಂತ್ರ್ಯಗಳೆಂದು ಎಣಿಸುತ್ತಾರೆ. ಮೊಳೆ, ತಿರುಪು, ಬಿಜಾಗ್ರಿ, ಚಿಲಕ, ಕಡಾಣಿ, ಗಂಟು ಮುಂತಾಗಿ ಎರಡನ್ನು ಒಂದಾಗಿ ಹಿಡಿದಿಡುವ ಸಾಧನಗಳು ಎಷ್ಟೇ ಇದ್ದರೂ ಅವು ಮಾಡುವ ಕೆಲಸ ಒಂದೇ: ಈ ಆರರಲ್ಲಿ ಬೇಡವಾದವನ್ನು ಕಿತ್ತುಕೊಂಡು, ಬೇಕಾದವನ್ನು ಮಾತ್ರ ಉಳಿಸುವುದು. ಯಾವುದನ್ನು ಕಿತ್ತುಕೊಳ್ಳಬೇಕು, ಯಾವುದನ್ನು ಉಳಿಸಬೇಕು ಎಂಬ ತೀರ್ಮಾನವೇ ಆ ಸಾಧನದ ತಲೆ, ಕುತ್ತಿಗೆ, ಮೈ, ಬಾಲಗಳ ಆಕಾರವಾಗಿ ಹೊರಬರುತ್ತದೆ. ಆದ್ದರಿಂದ ಹಾರ್ಡ್‌ವೇರ್ ಅಂಗಡಿಯ ಡಬ್ಬಿಗಳಲ್ಲಿ ಮಲಗಿರುವ ಚಿಲ್ಲರೆ ಸಾಮಾನುಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ, ಯಾವುದು ಯಾವ ಕಡೆಗೆ ತಪ್ಪಿಸಿಕೊಳ್ಳಲು ಹೊಂಚು ಹಾಕಿತ್ತು, ಅದನ್ನು ಯಾರು ಹೇಗೆ ತಡೆದರು ಎಂಬ ಕತೆ ಅವುಗಳ ಮೈಮೇಲೆಯೇ ಬರೆದಂತಿರುತ್ತದೆ.

ಈ ಓದಿಗೆ ಬಾಗಲಕೋಟೆ ಜಿಲ್ಲೆ ಹೇಳಿ ಮಾಡಿಸಿದ ಸೀಮೆ. ಬಾದಾಮಿಯಲ್ಲಿ ಒಂದು ಜೋಡಣೆಯೂ ಇಲ್ಲದೆ ಇಡೀ ಬಂಡೆಯನ್ನೇ ಕೊರೆದು ಮಾಡಿದ ಗುಹಾಲಯಗಳಿವೆ. ಹುನಗುಂದ ಭಾಗದ ಐಹೊಳೆಯಲ್ಲಿ ಮರಗೆಲಸದ ಜೋಡಣೆಯನ್ನು ಕಲ್ಲಿನಲ್ಲಿ ಅಣಕಿಸಿದಂತಿರುವ ಗುಡಿಯಿದೆ. ಇಳಕಲ್ಲಿನಲ್ಲಿ ಗ್ರಾನೈಟನ್ನು ಎರಡಾಗಿಸುವ ಬೆಣೆಯೂ ಎರಡು ಹಾಸುಗಳನ್ನು ಒಂದಾಗಿಸುವ ಮಗ್ಗವೂ ನೆರೆಹೊರೆಯಾಗಿ ಬಾಳುತ್ತಿವೆ. ಜಿಲ್ಲೆಯ ಗಡಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಆಲಮಟ್ಟಿ ಅಣೆಕಟ್ಟಿನ ಬಾಗಿಲುಗಳು, ಮನೆಯ ಬಾಗಿಲಿನ ಹಾಗೆಯೇ, ಕೀಲಿನ ಮೇಲೆ ತಿರುಗುತ್ತವೆ. ಕಲ್ಲು, ಮರ, ಕಬ್ಬಿಣ, ನೂಲು ಎಂಬ ನಾಲ್ಕು ಸಾಮಗ್ರಿಗಳಲ್ಲಿ ಕೂಡಿಸುವ ವಿದ್ಯೆ ಹೇಗೆ ಹೇಗೆ ರೂಪ ತಾಳಿತೆಂಬುದನ್ನು ಒಂದೇ ಜಿಲ್ಲೆಯೊಳಗೆ ನೋಡಬಹುದು.

ಟೊಪ್ಪಿಗೆ ತೊಟ್ಟ ಹಟಮಾರಿ

ಹಿಡಿದಿಡುವ ಕುಲದಲ್ಲಿ ಮೊಳೆಯೇ ಅತ್ಯಂತ ಸರಳ ಜೀವಿ: ಮೇಲೊಂದು ಚಪ್ಪಟೆ ಟೊಪ್ಪಿಗೆ, ನಡುವೆ ನೆಟ್ಟನೆಯ ಮೈ, ಕೆಳಗೆ ಮೊನೆ. ಆದರೆ ಈ ಮೂರೂ ಭಾಗಗಳಿಗೆ ಬೇರೆ ಬೇರೆ ಹೊಣೆಯಿದೆ. ಮೊಳೆ ಮರದೊಳಗೆ ಇಳಿಯುವಾಗ ಎಳೆಗಳನ್ನು ಬದಿಗೆ ತಳ್ಳುತ್ತದೆ. ಹಾಗೆ ತಳ್ಳಿಸಿಕೊಂಡ ಎಳೆಗಳು ಮತ್ತೆ ತಮ್ಮ ಜಾಗಕ್ಕೆ ಮರಳಲು ಹವಣಿಸುತ್ತ ಮೊಳೆಯ ಮೈಯನ್ನು ಎರಡೂ ಕಡೆಯಿಂದ ಅದುಮುತ್ತವೆ. ಆ ಅದುಮುವಿಕೆಯಿಂದ ಹುಟ್ಟುವ ತಿಕ್ಕಾಟವೇ, ಅಂದರೆ ಘರ್ಷಣೆಯೇ, ಮೊಳೆಯನ್ನು ಹೊರಬರದಂತೆ ತಡೆಯುತ್ತದೆ. ಟೊಪ್ಪಿಗೆಗೆ ಸುತ್ತಿಗೆಯ ಪೆಟ್ಟು ತಿನ್ನುವುದಷ್ಟೇ ಕೆಲಸವಲ್ಲ. ಮೇಲಿನ ಹಲಗೆ ಮೊಳೆಯ ಮೈಯ ಮೇಲೆ ಜಾರಿ ಎದ್ದು ಹೋಗದಂತೆ ಒತ್ತಿ ಹಿಡಿಯುವುದೂ ಅದರ ಪಾಲಿಗೇ ಬಂದಿದೆ. ಹೀಗಾಗಿ ತೆಳುವಾದ ತಗಡನ್ನು ಹೊಡೆಯುವ ಮೊಳೆಗೆ ಅಗಲವಾದ ಟೊಪ್ಪಿಗೆಯೂ, ಕಾಣಿಸದಂತೆ ಮರದೊಳಗೆ ಹುದುಗಬೇಕಾದ ಮೊಳೆಗೆ ಇದೆಯೋ ಇಲ್ಲವೋ ಎಂಬಷ್ಟು ಚಿಕ್ಕ ತಲೆಯೂ ಇರುತ್ತದೆ.

ಎರಡು ಇಂಚಿನ ಸಾಧಾರಣ ಮೊಳೆಯೊಂದನ್ನು ಕಣ್ಣಿನ ಹತ್ತಿರ ಹಿಡಿದರೆ ಅದರ ಟೊಪ್ಪಿಗೆಯ ಕೆಳಗೆ, ಕುತ್ತಿಗೆಯ ಜಾಗದಲ್ಲಿ, ಸಣ್ಣ ಸಣ್ಣ ಅಡ್ಡಗೆರೆಗಳು ಕಾಣುತ್ತವೆ. ಇಂಥ ಮೊಳೆಯನ್ನು ಕಾರ್ಖಾನೆಯಲ್ಲಿ ತಂತಿಯ ಸುರುಳಿಯಿಂದ ಮಾಡುತ್ತಾರೆ: ಯಂತ್ರದ ಎರಡು ದವಡೆಗಳು ತಂತಿಯನ್ನು ಕಚ್ಚಿ ಹಿಡಿದ ಕ್ಷಣದಲ್ಲಿ ತುದಿಗೆ ಬಲವಾದ ಪೆಟ್ಟೊಂದು ಬಿದ್ದು ಟೊಪ್ಪಿಗೆ ಅರಳುತ್ತದೆ, ಇನ್ನೊಂದು ತುದಿಯಲ್ಲಿ ಕತ್ತರಿಯಂಥ ಅಲಗುಗಳು ಕೂಡಿ ನಾಲ್ಕು ಮುಖದ ಮೊನೆ ಕತ್ತರಿಸುತ್ತವೆ. ಕುತ್ತಿಗೆಯ ಗೆರೆಗಳು ಆ ದವಡೆಗಳ ಹಲ್ಲಿನ ಗುರುತುಗಳು. ಮೊನೆಯ ವಿಷಯದಲ್ಲಿ ಬಡಗಿಗಳ ಅನುಭವವು ಸಾಮಾನ್ಯ ತಿಳಿವಳಿಕೆಗೆ ತದ್ವಿರುದ್ಧವಾಗಿದೆ. ಹಲಗೆಯ ಅಂಚಿನಲ್ಲಿ ಮೊಳೆ ಹೊಡೆಯುವ ಮುನ್ನ ಅವರು ಮೊನೆಯನ್ನು ಸುತ್ತಿಗೆಯಿಂದ ತಟ್ಟಿ ಮೊಂಡು ಮಾಡಿಕೊಳ್ಳುತ್ತಾರೆ. ಏಕೆಂದರೆ ಚೂಪಾದ ಮೊನೆ ಬೆಣೆಯಂತೆ ಎಳೆಗಳನ್ನು ಇಬ್ಭಾಗಿಸಿ ಹಲಗೆಯನ್ನು ಸೀಳುತ್ತದೆ, ಮೊಂಡು ಮೊನೆ ಎಳೆಗಳನ್ನು ಜಜ್ಜಿ ತುಂಡರಿಸುತ್ತ ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ.

ಘರ್ಷಣೆಯನ್ನೇ ನಂಬಿ ಬದುಕುವ ಮೊಳೆಗೆ ಬಯಲುಸೀಮೆಯ ಬಿಸಿಲೇ ವೈರಿ. ಸರಿಯಾಗಿ ಒಣಗದ ಮರಕ್ಕೆ ಮೊಳೆ ಹೊಡೆದರೆ ಬೇಸಿಗೆಯಲ್ಲಿ ಮರದ ತೇವ ಆರಿ, ಎಳೆಗಳ ಬಿಗಿ ಸಡಿಲಾಗಿ, ಮೊಳೆ ತನ್ನ ಗೂಡಿನಲ್ಲೇ ಅಲುಗಾಡತೊಡಗುತ್ತದೆ. ಇದಕ್ಕೆ ಹಳೆಯ ಬಡಗಿಗಳು ಕಂಡುಕೊಂಡ ಉಪಾಯವೆಂದರೆ ಹಲಗೆಯ ದಪ್ಪಕ್ಕಿಂತ ಉದ್ದವಾದ ಮೊಳೆಯನ್ನು ಹೊಡೆದು, ಹಿಂಬದಿಯಲ್ಲಿ ಇಣುಕುವ ಮೊನೆಯನ್ನು ಮಡಿಸಿ ಮರದೊಳಗೆ ಕೂರಿಸುವುದು. ಆಗ ಮೊಳೆ ಒಂದು ಕಡೆ ಟೊಪ್ಪಿಗೆ, ಇನ್ನೊಂದು ಕಡೆ ಕೊಕ್ಕೆಯಿರುವ ಹೊಸ ಪ್ರಾಣಿಯಾಗುತ್ತದೆ. ಅದಕ್ಕೆ ಘರ್ಷಣೆಯ ಹಂಗು ಉಳಿಯುವುದಿಲ್ಲ.

ಸುರುಳಿ ಹಾದಿಯ ಲೆಕ್ಕ

ಮೊಳೆ ಪೆಟ್ಟಿನಿಂದ ಸಾಧಿಸುವುದನ್ನು ತಿರುಪು, ಅಂದರೆ ಸ್ಕ್ರೂ, ತಾಳ್ಮೆಯಿಂದ ಸಾಧಿಸುತ್ತದೆ. ಅದರ ಮೈಯ ಸುತ್ತ ಹತ್ತುವ ಸುರುಳಿಯನ್ನು ಬಿಚ್ಚಿ ನೆಲದ ಮೇಲೆ ಹಾಸಿದರೆ ಸಿಗುವುದು ಒಂದು ಇಳಿಜಾರು ಹಾದಿ. 8 ಮಿಲಿಮೀಟರ್ ದಪ್ಪದ ಸಾಮಾನ್ಯ ಬೋಲ್ಟಿನಲ್ಲಿ ನಟ್ಟು ಪೂರ್ತಿ ಒಂದು ಸುತ್ತು ಬಂದರೆ ಮುಂದೆ ಸಾಗುವುದು 1.25 ಮಿಲಿಮೀಟರ್ ಮಾತ್ರ. ಎಂದರೆ ಆ ಹಾದಿಯ ಏರು ಸುಮಾರು 3 ಡಿಗ್ರಿ. ಅದೇ ಒಂದು ಸುತ್ತಿನಲ್ಲಿ 15 ಸೆಂಟಿಮೀಟರ್ ಉದ್ದದ ಪಾನಾ ಹಿಡಿದ ಕೈ ಹೆಚ್ಚುಕಡಿಮೆ 94 ಸೆಂಟಿಮೀಟರ್ ಚಲಿಸಿರುತ್ತದೆ. ಕೈ ನಡೆದ ದೂರಕ್ಕೂ ನಟ್ಟು ಸಾಗಿದ ದೂರಕ್ಕೂ ಇರುವ ಈ ಏಳುನೂರೈವತ್ತು ಪಟ್ಟು ಅಂತರವೇ ಬಲದ ಹೆಚ್ಚಳವಾಗಿ ಪರಿಣಮಿಸಬೇಕು. ಆದರೆ ಅದರಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಪಾಲನ್ನು ಘರ್ಷಣೆಯೇ ನುಂಗಿಹಾಕುತ್ತದೆ. ಉಳಿದ ಒಂದು ಪಾಲೇ ಬೋಲ್ಟನ್ನು ಕಣ್ಣಿಗೆ ಕಾಣದಷ್ಟು ಹಿಗ್ಗಿಸಿ, ಆ ಹಿಗ್ಗಿದ ಬೋಲ್ಟು ಸ್ಪ್ರಿಂಗಿನಂತೆ ಹಿಂದಕ್ಕೆಳೆಯುತ್ತ ಎರಡು ಭಾಗಗಳನ್ನು ಬಿಗಿಯುವಷ್ಟು ದೊಡ್ಡದಿರುತ್ತದೆ.

ನುಂಗಿದ ಒಂಬತ್ತು ಪಾಲು ಪೋಲಾಯಿತೆಂದು ಮರುಗಬೇಕಾಗಿಲ್ಲ. ಲೋಹದ ಮೇಲೆ ಲೋಹ ತಾನಾಗಿ ಜಾರತೊಡಗಲು ಇಳಿಜಾರು 3 ಡಿಗ್ರಿಗಿಂತ ಸಾಕಷ್ಟು ಕಡಿದಾಗಿರಬೇಕು. ಆದ್ದರಿಂದ ಬಿಗಿದ ನಟ್ಟು ತನ್ನಷ್ಟಕ್ಕೆ ತಾನು ಇಳಿದು ಬರಲಾರದು. ಬಿಗಿಯುವಾಗ ಕೈಯನ್ನು ದಣಿಸುವ ಘರ್ಷಣೆಯೇ ಬಿಗಿದ ಮೇಲೆ ಕಾವಲು ಕೂರುತ್ತದೆ. ಚಕ್ಕಡಿಯ ಕುಲುಕಾಟ, ಪಂಪ್‌ಸೆಟ್ಟಿನ ನಡುಕ ಮುಂತಾದವು ಈ ಕಾವಲನ್ನು ಕ್ಷಣಕ್ಷಣವೂ ತೂಕಡಿಸುವಂತೆ ಮಾಡುವುದರಿಂದ, ಅಂಥ ಕಡೆ ಒಂದು ಕಡೆ ಕತ್ತರಿಸಿ ತುದಿಗಳನ್ನು ಮೇಲೆ ಕೆಳಗೆ ಮಾಡಿದ ಸ್ಪ್ರಿಂಗ್ ವಾಷರನ್ನೋ, ಒಂದರ ಮೇಲೊಂದು ಎರಡು ನಟ್ಟುಗಳನ್ನೋ ಹಾಕುವುದು ವಾಡಿಕೆ. ಸಾದಾ ವಾಷರಿನ ಉದ್ಯೋಗ ಬೇರೆ: ನಡುವೆ ತೂತುಳ್ಳ ಆ ಚಪ್ಪಟೆ ಬಿಲ್ಲೆ ನಟ್ಟಿನ ಒತ್ತಡವನ್ನು ಅಗಲವಾದ ಜಾಗಕ್ಕೆ ಹಂಚಿ, ಮೆತ್ತನೆಯ ಮರದೊಳಗೆ ನಟ್ಟು ಮುಳುಗಿಹೋಗದಂತೆ ನೋಡಿಕೊಳ್ಳುತ್ತದೆ.

ನಟ್ಟಿಗೆ ಆರು ಮೂಲೆಗಳೇ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಪಾನಾ ಹಿಡಿದ ಕೈಯ ಅಡಚಣೆಯಲ್ಲಿ. ನಾಲ್ಕು ಮೂಲೆಯ ನಟ್ಟನ್ನು ಮತ್ತೆ ಕಚ್ಚಬೇಕಾದರೆ ಪಾನಾ 90 ಡಿಗ್ರಿ ತಿರುಗಬೇಕು, ಇಕ್ಕಟ್ಟಾದ ಜಾಗದಲ್ಲಿ ಅಷ್ಟು ಅವಕಾಶವಿರುವುದಿಲ್ಲ. ಮೂಲೆಗಳನ್ನು ಹನ್ನೆರಡಕ್ಕೆ ಏರಿಸಿದರೆ ಅವು ಮೊಂಡಾಗಿ ಪಾನಾ ಜಾರುತ್ತದೆ. ಆರು ಎಂಬುದು ಇವೆರಡರ ನಡುವಿನ ರಾಜಿ. ಬಾಯಿ ತೆರೆದ ಪಾನಾವನ್ನು ಗಮನಿಸಿದರೆ ಅದರ ತಲೆ ಹಿಡಿಕೆಗೆ ನೇರವಾಗಿರದೆ 15 ಡಿಗ್ರಿಯಷ್ಟು ಓರೆಯಾಗಿರುವುದು ಕಾಣುತ್ತದೆ. ತಯಾರಿಕೆಯ ದೋಷದಂತೆ ತೋರುವ ಈ ಓರೆಯ ಹಿಂದೆ ಒಂದು ಜಾಣತನವಿದೆ: ಪಾನಾವನ್ನು ಮಗುಚಿ ಮಗುಚಿ ಹಾಕಿದರೆ 60 ಡಿಗ್ರಿಯ ಬದಲು 30 ಡಿಗ್ರಿ ತಿರುಗುವ ಜಾಗವಿದ್ದರೂ ನಟ್ಟು ಬಿಗಿಯಬಹುದು.

ಬಲಕ್ಕೆ ತಿರುಗಿಸಿದರೆ ಬಿಗಿಯುವುದೆಂಬ ನಿಯಮವನ್ನು ಮುರಿಯುವ ತಿರುಪೊಂದು ಪ್ರತಿಯೊಂದು ಸೈಕಲ್ಲಿನಲ್ಲಿಯೂ ಅಡಗಿದೆ. ತುಳಿಯುವಾಗ ಪೆಡಲಿನ ಅಚ್ಚು ತನ್ನ ತೂತಿನೊಳಗೆ ಹೊರಳುತ್ತ ನಿಧಾನವಾಗಿ ಬಿಚ್ಚಿಕೊಳ್ಳಲು ಹೊರಡುತ್ತದೆ. ಬಲಗಡೆಯಲ್ಲಿ ಸಾಮಾನ್ಯ ಸುರುಳಿಯೇ ಅದನ್ನು ತಡೆದರೆ, ಎಡಗಡೆಯಲ್ಲಿ ಅದೇ ಸುರುಳಿ ಅದಕ್ಕೆ ಸಹಾಯ ಮಾಡಿಬಿಡುತ್ತದೆ. ಹೀಗಾಗಿ ಎಡ ಪೆಡಲಿಗೆ ಮಾತ್ರ ತಿರುವುಮುರುವಾದ ಸುರುಳಿ. ಸುರುಳಿಗಳಿಗೆ ಇಂಥ ಶಿಸ್ತು ಬಂದದ್ದು ತೀರ ಹಳೆಯ ಮಾತಲ್ಲ. ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರದಿದ್ದ ಕಾಲದಲ್ಲಿ, 1841ರಲ್ಲಿ, ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ಏಕರೂಪದ ಸುರುಳಿಯನ್ನು ಪ್ರತಿಪಾದಿಸಿದನು. ಇಂದಿನ ಮೆಟ್ರಿಕ್ ಸುರುಳಿಯ ಕೋನ 60 ಡಿಗ್ರಿ. ಹಳೆಯ ಯಂತ್ರಕ್ಕೆ ಹೊಸ ನಟ್ಟು ಒಂದೆರಡು ಸುತ್ತು ಹೋಗಿ ಮೊಂಡು ಹಿಡಿದು ನಿಂತರೆ ಜಗಳವಿರುವುದು ಇಂಥ ಎರಡು ಪದ್ಧತಿಗಳ ನಡುವೆ.

ಒಂದೇ ಒಂದು ಅನುಮತಿ

ಮೊಳೆ, ಬೋಲ್ಟುಗಳು ಆರೂ ಸ್ವಾತಂತ್ರ್ಯಗಳನ್ನು ಕಸಿಯಲು ಹೊರಟರೆ ಬಾಗಿಲಿನ ಸಾಮಾನುಗಳು ಐದನ್ನು ಕಸಿದು ಒಂದನ್ನು ಉಳಿಸುವ ಚೌಕಾಶಿಗಾರರು. ಉತ್ತರ ಕರ್ನಾಟಕದ ಹಳೆಯ ವಾಡೆಗಳ ಭಾರಿ ಬಾಗಿಲುಗಳಲ್ಲಿ ಬಿಜಾಗ್ರಿಯೇ ಇರುತ್ತಿರಲಿಲ್ಲ. ಕದದ ಒಂದು ಅಂಚಿನ ಮೇಲೆ ಮತ್ತು ಕೆಳಗೆ ಗುಂಡನೆಯ ಗೂಟಗಳನ್ನು ಬಿಟ್ಟು, ಕೆಳಗಿನದನ್ನು ಹೊಸ್ತಿಲ ಬಳಿಯ ಗುಳಿಯಲ್ಲಿಯೂ ಮೇಲಿನದನ್ನು ಚೌಕಟ್ಟಿನ ತೂತಿನಲ್ಲಿಯೂ ಕೂರಿಸುತ್ತಿದ್ದರು. ಕದ ಆ ಎರಡು ಬಿಂದುಗಳ ಮೇಲೆ ತಿರುಗುತ್ತಿತ್ತು. ಈ ತಿರುಗುಣಿ ಬಾಗಿಲಿನ ಹೆಚ್ಚುಗಾರಿಕೆಯೆಂದರೆ ಕದದ ಪೂರ್ತಿ ಭಾರ ನೇರವಾಗಿ ಕೆಳಗಿನ ಗುಳಿಗೆ ಇಳಿಯುವುದು. ಬಿಜಾಗ್ರಿಯ ಬಾಗಿಲು ಹಾಗಲ್ಲ. ಅದು ಚೌಕಟ್ಟಿನ ಪಕ್ಕಕ್ಕೆ ಜೋತುಬಿದ್ದಿರುತ್ತದೆ. ಜೋತುಬಿದ್ದ ಕದ ಮೇಲಿನ ಬಿಜಾಗ್ರಿಯನ್ನು ಹೊರಕ್ಕೆ ಕೀಳುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಯಾವ ಮನೆಯಲ್ಲೇ ಆಗಲಿ, ಬಾಗಿಲು ನೆಲಕ್ಕೆ ತಾಗತೊಡಗಿತೆಂದರೆ ಮೊದಲು ಮೇಲಿನ ಬಿಜಾಗ್ರಿಯ ತಿರುಪುಗಳನ್ನು ನೋಡಬೇಕಾದದ್ದು ಇದೇ ಕಾರಣಕ್ಕೆ.

ಬಿಜಾಗ್ರಿಯ ರೂಪವೂ ಇದಕ್ಕೆ ತಕ್ಕಂತಿದೆ. ಎರಡು ಎಲೆಗಳು, ಅವುಗಳ ಅಂಚಿನಲ್ಲಿ ಒಂದನ್ನೊಂದು ಬಿಟ್ಟುಕೊಟ್ಟು ಕೂಡುವ ಗಂಟುಗಳು, ಆ ಗಂಟುಗಳ ಸಾಲಿನೊಳಗೆ ಹಾದುಹೋಗುವ ಒಂದು ಸರಳು. ಗಂಟುಗಳು ಒಂದರ ಪಕ್ಕದಲ್ಲೊಂದು ಕೂತು ಕದ ಮೇಲೆ ಕೆಳಗೆ ಸರಿಯದಂತೆ ತಡೆಯುತ್ತವೆ, ಸರಳು ಅಕ್ಕಪಕ್ಕ ಸರಿಯದಂತೆ ತಡೆಯುತ್ತದೆ, ಎರಡು ಬಿಜಾಗ್ರಿಗಳ ನಡುವಿನ ಅಂತರ ಕದ ಓರೆಯಾಗದಂತೆ ತಡೆಯುತ್ತದೆ. ಉಳಿದದ್ದು ಒಂದೇ ತಿರುಗಾಟ. ಅದನ್ನೂ ರಾತ್ರಿಯ ಹೊತ್ತು ಕಿತ್ತುಕೊಳ್ಳುವುದಕ್ಕೆ ಅಗಳಿ, ಚಿಲಕ, ಕೊಂಡಿ, ಕೀಲಿಗಳ ದೊಡ್ಡ ಪರಿವಾರವೇ ಇದೆ. ಅಗಳಿಯೆಂಬುದು ಕದದ ಹಿಂದೆ ಅಡ್ಡಲಾಗಿ ಸರಿದು ಗೋಡೆಯ ಗೂಡಿಗೆ ಹೋಗುವ ಮರದ ತೊಲೆ. ಹೊರಗಿನಿಂದ ಕದವನ್ನು ಎಷ್ಟು ತಳ್ಳಿದರೂ ಆ ಬಲ ಗೋಡೆಗೆ ಹೋಗುತ್ತದೆಯೇ ಹೊರತು ಯಾವ ಮೊಳೆಗೂ ತಾಗುವುದಿಲ್ಲ. ಕೊಂಡಿಯ ಯುಕ್ತಿ ಇನ್ನೊಂದು ಬಗೆಯದು. ಒಳ್ಳೆಯ ಕೊಂಡಿಯನ್ನು ಬಳೆಯ ಮೇಲೆ ಹಾಕಿ ಕೀಲಿ ಜಡಿದಾಗ ಅದರ ಪಟ್ಟಿಯು ತನ್ನದೇ ತಿರುಪುಗಳ ತಲೆಗಳನ್ನು ಮುಚ್ಚಿಬಿಡುತ್ತದೆ, ಕಳ್ಳನ ಕೈಗೆ ಬಿಚ್ಚಲು ಏನೂ ಸಿಗುವುದಿಲ್ಲ. ತಿರುಪಿನ ತಲೆಗಳು ಹೊರಗೆ ಕಾಣುತ್ತಿದ್ದರೆ ಆ ಕೊಂಡಿಗೆ ಎಷ್ಟು ದುಬಾರಿ ಕೀಲಿ ಹಾಕಿದರೂ ವ್ಯರ್ಥ.

ಈ ಕುಟುಂಬದ ಅತಿ ದೊಡ್ಡ ಸದಸ್ಯರು ಆಲಮಟ್ಟಿಯಲ್ಲಿದ್ದಾರೆ. ಬಾಗಲಕೋಟೆಯ ಹಳೆಯ ಊರಿನ ಭಾಗಗಳು ಹಿನ್ನೀರಿಗೆ ಸೇರಿ ನವನಗರ ತಲೆಯೆತ್ತಲು ಕಾರಣವಾದ ಈ ಅಣೆಕಟ್ಟಿಗೆ 26 ಬಾಗಿಲುಗಳಿವೆ. ಇವು ಬಿಲ್ಲಿನಂತೆ ಬಾಗಿದ ಉಕ್ಕಿನ ಹಲಗೆಗಳು. ಹಲಗೆಯ ಹಿಂದಿನಿಂದ ಹೊರಟ ತೋಳುಗಳು ಒಂದು ಕೀಲಿನಲ್ಲಿ ಬಂದು ಕೂಡುತ್ತವೆ, ಆ ಕೀಲು ಬಿಲ್ಲಿನ ವೃತ್ತದ ಕೇಂದ್ರದಲ್ಲಿಯೇ ಇರುತ್ತದೆ. ನೀರು ಯಾವ ಮೇಲ್ಮೈಯನ್ನಾದರೂ ಅದಕ್ಕೆ ಲಂಬವಾಗಿಯೇ ಒತ್ತುವುದರಿಂದ, ವೃತ್ತಾಕಾರದ ಹಲಗೆಯ ಮೇಲಿನ ಪ್ರತಿಯೊಂದು ಒತ್ತಡವೂ ಕೇಂದ್ರದ ಕಡೆಗೆ, ಎಂದರೆ ಕೀಲಿನ ಕಡೆಗೆ, ಸಾಗುತ್ತದೆ. ಕೀಲಿನ ಮೂಲಕವೇ ಹಾದುಹೋಗುವ ಬಲ ಬಾಗಿಲನ್ನು ತಿರುಗಿಸಲಾರದು. ಹೀಗೆ ಕೃಷ್ಣೆಯ ನೀರು ಎಷ್ಟೇ ನೂಕಿದರೂ ಬಾಗಿಲೆತ್ತುವ ಯಂತ್ರಕ್ಕೆ ಎದುರಾಗುವುದು ಬಾಗಿಲಿನ ತೂಕ ಮತ್ತು ಘರ್ಷಣೆ ಮಾತ್ರ. ಇದೇ ಹಲಗೆ ಚಪ್ಪಟೆಯಾಗಿದ್ದು ಕೀಲು ಒಂದು ಅಂಚಿನಲ್ಲಿ ಇದ್ದಿದ್ದರೆ ನದಿಯ ಜೊತೆಗೆ ನೇರ ಕುಸ್ತಿಗೇ ಇಳಿಯಬೇಕಾಗುತ್ತಿತ್ತು.

ಚಕ್ಕಡಿಯ ಎರಡು ಗುಟ್ಟು

ಚಕ್ಕಡಿಯ ಗಾಲಿಯನ್ನು ಅಚ್ಚಿನ ಮೇಲೆ ನಿಲ್ಲಿಸುವ ಕಡಾಣಿ, ಹಳೆಗನ್ನಡದ ಬಂಡಿಗಳ ಕಡೆಗೀಲು, ಗಾತ್ರದಲ್ಲಿ ಗೇಣುದ್ದವೂ ಇಲ್ಲದ ಕಬ್ಬಿಣದ ಸರಳು. ಗಾಲಿ ತಿರುಗಬೇಕು, ಆದರೆ ಹೊರಗೆ ಜಾರಬಾರದು ಎಂಬ ಒಂದೇ ಷರತ್ತನ್ನು ಅದು ಪಾಲಿಸುತ್ತದೆ. ಭಾರವನ್ನೆಲ್ಲ ಹೊರುವುದು ಅಚ್ಚು. ಕಡಾಣಿಗೆ ಸಿಗುವುದು ಅಡ್ಡ ಒತ್ತಡ ಮಾತ್ರ. ಆದರೂ ಅದೊಂದು ಬಿದ್ದುಹೋದರೆ ಜೋಳದ ಚೀಲಗಳ ಸಮೇತ ಬಂಡಿ ಮಗುಚಿಕೊಳ್ಳುತ್ತದೆ. ನೇಕಾರಿಕೆಯ ವಚನಕಾರ ಜೇಡರ ದಾಸಿಮಯ್ಯ ಒಡಲೆಂಬ ಬಂಡಿಗೆ ಶರಣರ ನುಡಿಯನ್ನು ಕಡೆಗೀಲಾಗಿಸಿದ್ದು ಈ ಅಸಮತೋಲವನ್ನು ಚೆನ್ನಾಗಿ ಬಲ್ಲವನ ಆಯ್ಕೆ.

ಗಾಲಿಯ ಇನ್ನೊಂದು ಗುಟ್ಟು ಅದರ ಹೊರಸುತ್ತಿನ ಕಬ್ಬಿಣದ ಹಳಿ. ನಡುವಿನ ಗುಂಬ, ಅದರಿಂದ ಹೊರಟ ಅರಗಳು, ಅವುಗಳ ತುದಿಗೆ ಬಾಗಿದ ಮರದ ತುಂಡುಗಳು ಹೀಗೆ ಬಡಿಗೇರನ ಕೈಯಲ್ಲಿ ಸಿದ್ಧವಾದ ಗಾಲಿ ಇನ್ನೂ ಬಿಡಿಭಾಗಗಳ ಸಂತೆಯೇ. ಕಂಬಾರನು ಗಾಲಿಯ ಸುತ್ತಳತೆಗಿಂತ ಕೊಂಚ ಚಿಕ್ಕದಾದ ಹಳಿಯನ್ನು ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳಗಳಿಂದ ಎತ್ತಿ ಗಾಲಿಗೆ ತೊಡಿಸಿದ ಕೂಡಲೇ ನೀರು ಹೊಯ್ಯುತ್ತಾನೆ. ಕಬ್ಬಿಣ ಪ್ರತಿ ಡಿಗ್ರಿ ಸೆಲ್ಸಿಯಸ್ ಕಾವಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ನಾಲ್ಕೂವರೆ ಮೀಟರ್ ಸುತ್ತಳತೆಯ ಹಳಿ 600 ಡಿಗ್ರಿಯಷ್ಟು ಕಾದರೆ 3 ಸೆಂಟಿಮೀಟರಿಗೂ ಮಿಗಿಲಾಗಿ ಬೆಳೆಯುತ್ತದೆ. ತಣಿದಾಗ ಅಷ್ಟೂ ಹಿಂದಕ್ಕೆ ಬರಲು ಯತ್ನಿಸಿ, ಅರಗಳನ್ನು ಗುಂಬದೊಳಗೆ ಒತ್ತಿ, ಮರದ ತುಂಡುಗಳ ಸಂದುಗಳನ್ನು ಮುಚ್ಚಿ, ಮೊಳೆಯಿಂದ ಸಾಧ್ಯವಾಗದ ಬಿಗಿಯನ್ನು ಇಡೀ ಗಾಲಿಗೆ ತಂದುಕೊಡುತ್ತದೆ. ಇಲ್ಲಿ ಹಿಡಿದಿಡುವ ಸಾಧನ ಒಂದು ಜಾಗದಲ್ಲಿಲ್ಲ. ಗಾಲಿಯ ಅಂಚೇ ಸಾಧನವಾಗಿದೆ.

ತೂಕವೇ ಬೆಸುಗೆ

ಬಾದಾಮಿಯ ಮೂರನೆಯ ಗುಹಾಲಯಕ್ಕೆ ಸಲ್ಲುವ, ಚಾಲುಕ್ಯ ಮಂಗಳೇಶನ ಶಾಸನದ ಕಾಲ ಕ್ರಿ.ಶ. 578. ಅಲ್ಲಿ ಕಂಬ, ಬೋದಿಗೆ, ತೊಲೆ, ಛಾವಣಿ ಎಲ್ಲವೂ ಕೂಡಿಸಿದಂತೆ ಕಾಣುತ್ತವೆ, ಆದರೆ ಕೂಡಿಸಿದ್ದು ಯಾವುದೂ ಅಲ್ಲ; ಇಡೀ ಮಂಟಪ ಮರಳುಗಲ್ಲಿನ ಒಂದೇ ಗುಡ್ಡದಿಂದ ತೆಗೆದು ಉಳಿಸಿದ ಭಾಗ. ತೊಲೆಯ ಕೆಲಸವೇ ಇಲ್ಲದ ಕಡೆ ತೊಲೆಯನ್ನು ಕಡೆದಿರುವುದಕ್ಕೆ ಕಾರಣ, ಕಟ್ಟಡವೆಂದರೆ ಮರದ್ದೆಂಬ ಕಲ್ಪನೆ ಶಿಲ್ಪಿಗಳ ಕೈಯಲ್ಲಿ ಇನ್ನೂ ಬಲವಾಗಿದ್ದುದು. ಸಾಂಚಿಯ ಸ್ತೂಪದ ಕಟಕಟೆಯಲ್ಲಿ ಕಲ್ಲಿನ ಅಡ್ಡಪಟ್ಟಿಗಳ ತುದಿಗಳನ್ನು ಬಡಗಿಯಂತೆ ಕಂಬದ ಗುಳಿಗಳಲ್ಲಿ ತೂರಿಸಿರುವುದೂ ಇದೇ ಹಂಬಲದ ಹಳೆಯ ರೂಪ.

ಐಹೊಳೆಯ ಲಾಡಖಾನ್ ಗುಡಿಯಲ್ಲಿ ಈ ನೆನಪು ಉಪಯೋಗಕ್ಕೆ ಬಂದಿದೆ. ಅದರ ಇಳಿಜಾರಾದ ಮಾಡಿಗೆ ಹಾಸಿದ ಚಪ್ಪಡಿಗಳ ನಡುವೆ ಸಂದುಗಳಿವೆ. ಪ್ರತಿಯೊಂದು ಸಂದಿನ ಮೇಲೂ ಮರದ ದಿಮ್ಮಿಯಂತೆ ಉದ್ದನೆಯ ಕಲ್ಲಿನ ಪಟ್ಟಿಯನ್ನು ಹೊದಿಸಲಾಗಿದೆ. ಮರದ ಮಾಡಿನಲ್ಲಿ ಅಂಥ ಪಟ್ಟಿ ಹಲಗೆಗಳನ್ನು ಹಿಡಿದಿಡುತ್ತದೆ. ಕಲ್ಲಿನ ಮಾಡಿನಲ್ಲಿ ಮಳೆಯ ನೀರು ಸಂದಿನೊಳಗೆ ಇಳಿಯದಂತೆ ಕಾಯುತ್ತದೆ. ಆಕಾರ ಹಾಗೆಯೇ ಉಳಿದು ಉದ್ಯೋಗ ಮಾತ್ರ ಬದಲಾಗಿದೆ.

ಪಟ್ಟದಕಲ್ಲಿನಲ್ಲಿ, ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಹೊತ್ತಿಗೆ ಕಲ್ಲಿಗೆ ಕಲ್ಲಿನದೇ ತರ್ಕ ಒದಗಿತ್ತು. ಗಾರೆಯಿಲ್ಲದೆ ಒಂದರ ಮೇಲೊಂದು ಕೂತ ಚೌಕ ಕಲ್ಲುಗಳಿಗೆ ಮೇಲಿನ ಕಲ್ಲಿನ ಭಾರವೇ ಮೊಳೆ. ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ, ಘರ್ಷಣೆ ಹೆಚ್ಚಿದಷ್ಟೂ ಕಲ್ಲು ಜಾರುವುದು ಕಷ್ಟವಾಗುತ್ತದೆ. ಎಂದರೆ ಕಟ್ಟಡ ಎತ್ತರವಾದಂತೆ ಅದರ ಬುಡದ ಬೆಸುಗೆ ತಾನಾಗಿ ಬಿಗಿಯುತ್ತದೆ. ಇದಕ್ಕೆ ಬೇಕಾದದ್ದು ಒಂದೇ, ಮುಖಕ್ಕೆ ಮುಖ ಪೂರ್ತಿ ಕೂರುವಂತೆ ಕಲ್ಲನ್ನು ಸಮನಾಗಿ ಕೆತ್ತುವ ಕೈ. ಉಳಿಯ ಕೆಲಸ ಸಡಿಲಾಗಿದ್ದರೆ ಭಾರ ಕೆಲವೇ ಉಬ್ಬುಗಳ ಮೇಲೆ ಕೂತು ಕಲ್ಲು ಸೀಳುತ್ತದೆ.

ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಿ ಆ ಸೀಳುವಿಕೆಯೇ ಕಸುಬು. ವಜ್ರದ ಹರಳು ಕೂರಿಸಿದ ತಂತಿಯ ಗರಗಸಗಳು ಬರುವುದಕ್ಕೆ ಮುಂಚಿನಿಂದಲೂ ನಡೆದುಬಂದ ಕ್ರಮದಲ್ಲಿ, ಬಂಡೆಯ ಮೇಲೆ ಒಂದೇ ಗೆರೆಯಲ್ಲಿ ತೂತುಗಳನ್ನು ಕೊರೆದು, ಪ್ರತಿ ತೂತಿಗೂ ಎರಡು ಅರೆಗುಂಡನೆಯ ಕಬ್ಬಿಣದ ಪಟ್ಟಿಗಳನ್ನು ಇಳಿಸಿ, ಅವುಗಳ ನಡುವೆ ಬೆಣೆ ಇಟ್ಟು, ಸಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ಪೆಟ್ಟು ಹಾಕುತ್ತ ಹೋಗುತ್ತಾರೆ. ಬೆಣೆಯೂ ತಿರುಪಿನಂತೆ ಒಂದು ಇಳಿಜಾರು. ಕೆಳಮುಖದ ಪೆಟ್ಟನ್ನು ಅದು ಅಡ್ಡಮುಖದ ಅಗಾಧ ಒತ್ತಡವಾಗಿ ಮಾರ್ಪಡಿಸುತ್ತದೆ. ಗ್ರಾನೈಟ್ ಅದುಮುವ ಬಲವನ್ನು ಎಷ್ಟು ತಾಳುತ್ತದೆಯೋ ಅದರ ಹತ್ತನೆಯ ಒಂದು ಪಾಲಿನಷ್ಟೂ ಎಳೆಯುವ ಬಲವನ್ನು ತಾಳದು. ಹಂಪಿಯ ಬಂಡೆಗಳ ಅಂಚಿನಲ್ಲಿ ಇಂದಿಗೂ ಕಾಣುವ ಚೌಕ ಗುಳಿಗಳ ಸಾಲು ಈ ದೌರ್ಬಲ್ಯವನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಸಾಕ್ಷಿ. ಬಾಗಿಲಿನ ಚೌಕಟ್ಟನ್ನು ಬಿಗಿಯುವ ಬೆಣೆ, ಗುದ್ದಲಿಯ ಕಾವನ್ನು ಬಿಗಿಯುವ ಬೆಣೆ, ಬಂಡೆಯನ್ನು ಬೇರ್ಪಡಿಸುವ ಬೆಣೆ ಆಕಾರದಲ್ಲಿ ಒಂದೇ. ಸುತ್ತಲಿನ ವಸ್ತು ಬಾಗಿ ಹಿಡಿದುಕೊಳ್ಳುವುದೋ ಬಾಗಲಾರದೆ ಬಿರಿಯುವುದೋ ಎಂಬುದರ ಮೇಲೆ ಅದರ ಗುಣ ನಿಲ್ಲುತ್ತದೆ.

ನೂಲಿನ ಕೊಂಡಿ

ಅದೇ ಇಳಕಲ್ಲಿನ ಮಗ್ಗಗಳ ಮೇಲೆ ಹಿಡಿದಿಡುವ ವಿದ್ಯೆ ತನ್ನ ಅತಿ ನವಿರಾದ ರೂಪಕ್ಕೆ ಬರುತ್ತದೆ. ಬಟ್ಟೆಯಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲು ಹಾಸು, ಲಾಳಿಯಿಂದ ಅಡ್ಡಕ್ಕೆ ಹೋಗುವ ನೂಲು ಹೊಕ್ಕು. ಇಳಕಲ್ ಸೀರೆಯಲ್ಲಿ ಒಡಲಿನ ಬಣ್ಣವೇ ಬೇರೆ, ದಡಿಯ ಬಣ್ಣವೇ ಬೇರೆ, ಬಿಳಿಯ ವಿನ್ಯಾಸವುಳ್ಳ ಕೆಂಪು ರೇಷ್ಮೆಯ ಸೆರಗೇ ಬೇರೆ. ಈ ಮೂರನ್ನೂ ಸೂಜಿಯಿಲ್ಲದೆ, ಹೊಲಿಗೆಯಿಲ್ಲದೆ ಕೂಡಿಸಬೇಕು.

ಒಡಲು ಮತ್ತು ದಡಿಗಳನ್ನು ಕೂಡಿಸಲು ನೇಕಾರರು ಮೂರು ಲಾಳಿಗಳನ್ನು ಬಳಸುತ್ತಾರೆ, ನಡುವಿಗೆ ಒಂದು, ಎರಡು ಅಂಚುಗಳಿಗೆ ಎರಡು. ಒಡಲಿನ ಹೊಕ್ಕು ದಡಿಯ ಗಡಿಗೆ ಬಂದಾಗ ದಡಿಯ ಹೊಕ್ಕನ್ನು ಬಳಸಿ ಹಿಂದಿರುಗುತ್ತದೆ, ದಡಿಯ ಹೊಕ್ಕು ಒಡಲಿನದನ್ನು ಬಳಸಿ ಹಿಂದಿರುಗುತ್ತದೆ. ನೇಕಾರರು ಇದನ್ನು ಕೊಂಡಿಯೆಂದೇ ಕರೆಯುತ್ತಾರೆ. ಪ್ರತಿಯೊಂದು ಹೊಕ್ಕಿನ ಸಾಲಿನಲ್ಲಿಯೂ ಇಂಥ ಎರಡು ಕೊಂಡಿಗಳು ಬೀಳುತ್ತ ಹೋಗುವುದರಿಂದ ಗಡಿಯಲ್ಲಿ ಬಣ್ಣಗಳು ಬೆರೆಯುವುದೂ ಇಲ್ಲ, ಬಟ್ಟೆ ಬಿರಿಯುವುದೂ ಇಲ್ಲ.

ಸೆರಗಿನ ಜೋಡಣೆ ಇನ್ನೂ ಕಷ್ಟದ್ದು, ಏಕೆಂದರೆ ಅಲ್ಲಿ ಬದಲಾಗಬೇಕಾದದ್ದು ಹಾಸು. ಒಡಲಿನ ಹಾಸಿನ ನೂಲುಗಳನ್ನು ಮಡಿಸಿ ಮಾಡಿದ ಕುಣಿಕೆಗಳೊಳಗೆ ಸೆರಗಿನ ಹಾಸಿನ ಕುಣಿಕೆಗಳನ್ನು ತೂರಿಸಿ, ಸೀರೆಯ ಅಗಲದುದ್ದಕ್ಕೂ ಸಾಲಾಗಿ ಕೂಡಿಸುತ್ತಾರೆ. ಈ ಕ್ರಮಕ್ಕೆ ಟೋಪ ತೆನಿ ಎಂದು ಹೆಸರು. ಒಂದರೊಳಗೊಂದು ಸಿಲುಕಿದ ಎರಡು ಕುಣಿಕೆಗಳನ್ನು ಎರಡು ಕಡೆಗೂ ಎಳೆದರೆ ಅವು ಒಂದನ್ನೊಂದು ಬಿಗಿಯುತ್ತವೆ, ಗಂಟಿನಂತೆ ಉಬ್ಬುವುದಿಲ್ಲ. ಮಗ್ಗದ ಮೇಲೆ ಹಾಸು ಸದಾ ಎಳೆತದಲ್ಲಿಯೇ ಇರುವುದರಿಂದ, ಎಳೆದಷ್ಟೂ ಬಿಗಿಯುವ ಕೂಡಿಕೆಯೇ ಇಲ್ಲಿಗೆ ಒಪ್ಪುವ ಆಕಾರ. ಇದರ ಬೆಲೆಯೂ ಹಗುರವಲ್ಲ. ಹತ್ತಾರು ಸೀರೆಗಳಿಗೆ ಆಗುವಷ್ಟು ಉದ್ದನೆಯ ಹಾಸನ್ನು ಒಮ್ಮೆಗೇ ಸುತ್ತಿಟ್ಟು ನೇಯುವ ಸೌಲಭ್ಯ ಇಲ್ಲಿಲ್ಲ. 6, 8 ಅಥವಾ 9 ಗಜದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿ ಹೂಡಿ, ಸೆರಗನ್ನು ಬೇರೆಯಾಗಿ ಕೂಡಿಸಬೇಕು. ಇದರ ಜೊತೆಗೆ ತೊಡುವ ಗುಳೇದಗುಡ್ಡದ ಖಣದ ಕುಪ್ಪಸವಾದರೋ ಗುಂಡಿ, ಕೊಕ್ಕೆಗಳ ಗೋಜಿಗೆ ಹೋಗದೆ ಎದೆಯ ಕೆಳಗೆ ತನ್ನದೇ ಎರಡು ತುದಿಗಳನ್ನು ಗಂಟು ಹಾಕಿಕೊಂಡು ಕೆಲಸ ಮುಗಿಸುವ ಉಡುಪು.

ಕೂಡುವ ಜಾಗದ ಪರೀಕ್ಷೆ

ಕಲ್ಲಿನಿಂದ ನೂಲಿನವರೆಗಿನ ಈ ಉದಾಹರಣೆಗಳಲ್ಲಿ ಒಂದು ಆರ್ಥಿಕ ಸತ್ಯವೂ ಇದೆ. ಯಾವುದೇ ವಸ್ತುವಿನಲ್ಲಿ ಹೆಚ್ಚಿನ ದುಡಿಮೆ ಬೀಳುವುದು ಅದರ ವಿಸ್ತಾರದಲ್ಲಲ್ಲ, ಎರಡು ಭಾಗಗಳು ಸೇರುವ ಗೆರೆಯಲ್ಲಿ. ಆದ್ದರಿಂದ ಖರ್ಚು ಉಳಿಸಲು ಹೊರಟವರ ಕತ್ತರಿ ಮೊದಲು ಬೀಳುವುದೂ ಆ ಗೆರೆಯ ಮೇಲೆಯೇ. ಕದ ತೇಗದ್ದಾಗಿದ್ದು ಬಿಜಾಗ್ರಿ ತೆಳ್ಳಗಿನ ತಗಡಿನದಾಗಿರುತ್ತದೆ, ಕೀಲಿ ದುಬಾರಿಯದಾಗಿದ್ದು ಕೊಂಡಿಯ ತಿರುಪು ಹೊರಗೆ ಕಾಣುತ್ತದೆ, ಕುರ್ಚಿಗೆ ಹೊಳಪಿನ ಬಣ್ಣವಿದ್ದು ಕಾಲುಗಳು ಮೊಳೆಯ ಘರ್ಷಣೆಯನ್ನೇ ನಂಬಿ ನಿಂತಿರುತ್ತವೆ. ಸೀರೆಯ ಪೇಟೆಯಲ್ಲಿಯೂ ಇದೇ ಕತೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಳಕಲ್ ಸೀರೆಯ ಬಣ್ಣ, ದಡಿ, ಸೆರಗಿನ ವಿನ್ಯಾಸಗಳನ್ನು ವಿದ್ಯುತ್ ಮಗ್ಗ ಅನುಕರಿಸಬಲ್ಲದು. ಉದ್ದನೆಯ ಒಂದೇ ಹಾಸಿನ ಮೇಲೆ ಸೀರೆಯ ಹಿಂದೆ ಸೀರೆ ನೇಯುತ್ತ ಹೋಗುವ ಯಂತ್ರಕ್ಕೆ ಸೀರೆಗೊಂದು ಹಾಸು ಬಿಡಿಸಿ ಕುಣಿಕೆಗೆ ಕುಣಿಕೆ ಪೋಣಿಸುವುದು ಲಾಭದ ಮಾತಲ್ಲ.

ಕೊಳ್ಳುವವರಿಗೆ ಇದರಿಂದ ಸಿಗುವ ಪರೀಕ್ಷೆ ಸುಲಭವಾದದ್ದು. ಸೀರೆಯನ್ನು ಮಗುಚಿ, ಒಡಲು ಮುಗಿದು ಸೆರಗು ಮೊದಲಾಗುವ ಗೆರೆಯನ್ನು ಬೆಳಕಿಗೆ ಹಿಡಿಯಬೇಕು. ಒಡಲಿನ ಬಣ್ಣದ ಉದ್ದ ನೂಲುಗಳು ಕೆಂಪು ಹೊಕ್ಕಿನ ಅಡಿಯಲ್ಲಿ ಸೆರಗಿನೊಳಗೂ ಮುಂದುವರಿದಿದ್ದರೆ ಅಲ್ಲಿ ಹಾಸು ಬದಲಾಗಿಲ್ಲ, ಕೂಡಿಕೆ ನಡೆದಿಲ್ಲ. ಅವು ಆ ಗೆರೆಯಲ್ಲಿ ನಿಂತು, ಸಣ್ಣ ಕುಣಿಕೆಗಳ ಸಾಲು ಕಂಡು, ಅಲ್ಲಿಂದಾಚೆಗೆ ಉದ್ದ ನೂಲೂ ಕೆಂಪಾಗಿದ್ದರೆ ಕೇಳಿದ ಬೆಲೆಗೆ ಕಾರಣವಿದೆ. ಬಾಗಿಲಾಗಲಿ, ಗಾಲಿಯಾಗಲಿ, ಸೀರೆಯಾಗಲಿ, ನಡುವಿನ ಮೈಯನ್ನು ಸವರಿ ನೋಡುವ ಗಿರಾಕಿಗಿಂತ ಕೂಡುವ ಜಾಗವನ್ನು ಕೆದಕಿ ನೋಡುವ ಗಿರಾಕಿ ಮೋಸಹೋಗುವುದು ಕಡಿಮೆ.